ಯಾರಿಗೆ ಯಾವ ಕಡಲತೀರ?

ರಜೆ ಬಂದೊಡನೆ ಮನೆಯಲ್ಲಿ ಚರ್ಚೆ ಮೊದಲಾಗುತ್ತದೆ. ಮಕ್ಕಳಿಗೆ ನೀರಾಟ ಬೇಕು, ಅಜ್ಜಿಗೆ ದೇವರ ದರ್ಶನ, ಯಜಮಾನರಿಗೆ ವಿಶ್ರಾಂತಿ. ಮಂಗಳೂರಿನಿಂದ ಕಾರವಾರದವರೆಗೆ ಚಾಚಿದ ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಎಡೆಯುಂಟು. ಆದರೆ ಒಂದೇ ತೀರ ಎಲ್ಲರಿಗೂ ಒಪ್ಪುವುದಿಲ್ಲ.

ಪುಟ್ಟ ಮಕ್ಕಳಿರುವ ಸಂಸಾರಕ್ಕೆ ಪಡುಬಿದ್ರಿ ಅಥವಾ ಹೊನ್ನಾವರದ ಬಳಿಯ ಕಾಸರಕೋಡು ಮೇಲು. ನೈರ್ಮಲ್ಯ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ 'ನೀಲಿ ಬಾವುಟ'ದ ಮನ್ನಣೆ 2020ರಲ್ಲಿ ಇವೆರಡಕ್ಕೂ ದೊರೆಯಿತು. ಕಾಲ್ನಡಿಗೆಗೆ ಅಂಜದ ತರುಣರು ಗೋಕರ್ಣದ ಗುಡ್ಡವನ್ನೇರಿ ಕುಡ್ಲೆಯಿಂದ ಓಂ ತೀರಕ್ಕೆ ಸಾಗಲಿ. ಕುತೂಹಲಿಗಳು ಮಲ್ಪೆಯಿಂದ ದೋಣಿಯೇರಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ, ಲಾವಾರಸ ತಣಿದು ಮೂಡಿದ ಕಲ್ಲುಕಂಬಗಳ ಸಾಲನ್ನು ಕಾಣಬಹುದು. ಸಾಹಿತ್ಯಪ್ರಿಯರಿಗೆ ಕಾರವಾರ, ತರುಣ ರವೀಂದ್ರನಾಥ ಠಾಕೂರರು ನಾಟಕವೊಂದನ್ನು ರಚಿಸಿದ್ದು ಅಲ್ಲಿಯ ಕಡಲ ಸನ್ನಿಧಿಯಲ್ಲಿ. ಇನ್ನು ಅಜ್ಜಿಗೆ ಮುರುಡೇಶ್ವರ. ದೇಗುಲವೂ ಕಡಲೂ ಒಂದೆಡೆಯೇ ಇವೆ.

ಆದರೆ ಚೆಲುವನ್ನು ಕಂಡು ಮೈಮರೆಯಬಾರದು. ಇದೇ ಮುರುಡೇಶ್ವರದಲ್ಲಿ, 2024ರ ಡಿಸೆಂಬರಿನಲ್ಲಿ, ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಅಲೆಗಳ ಪಾಲಾದರು. ಆಗ ಮಳೆಗಾಲವೂ ಅಲ್ಲ. ದಡದಿಂದ ಕಡಲಿನತ್ತ ಹರಿಯುವ ಸೆಳೆತ ನುರಿತ ಈಜುಗಾರನನ್ನೂ ದಣಿಸಬಲ್ಲುದು. ಅದರಲ್ಲಿ ಸಿಕ್ಕಿದವರು ನೇರವಾಗಿ ದಡದತ್ತ ಸೆಣಸದೆ, ತೀರದ ಉದ್ದಕ್ಕೆ ಈಜಿ ಸೆಳೆತದಿಂದ ಪಾರಾಗಬೇಕು. ಕೆಂಪು ಬಾವುಟವಿದ್ದಲ್ಲಿ ನೀರಿಗಿಳಿಯಲೇಬಾರದು. ಮಳೆಗಾಲದಲ್ಲಂತೂ ಕಡಲನ್ನು ದೂರದಿಂದಲೇ ನೋಡುವುದು ಲೇಸು.

ಹೊರಡುವ ಮುನ್ನ, ಜೊತೆಗೆ ಬರುವವರ ಮುಖಗಳನ್ನೊಮ್ಮೆ ನೋಡಿರಿ. ತೀರ ಯಾವುದೆಂಬುದು ತಾನಾಗಿಯೇ ಹೊಳೆಯುತ್ತದೆ.