ಗೆರೆ ಬಿಡುವ ಬ್ಯಾಂಡ್ ಸಾ: ತಪ್ಪು ಮೆಷಿನಿನದ್ದೇ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಲ್ಪೆಯಲ್ಲಿ ಬೋಟುಗಳ ದುರಸ್ತಿಯ ಕಾಲ ಅದು. ಸ್ಟೀಲು, ಫೈಬರ್ ಬೋಟುಗಳು ಬಂದಿದ್ದರೂ ಮರದ ಕೆಲಸ ನಿಂತಿಲ್ಲ. ಮರದ ಕೆಲಸವಿದ್ದಲ್ಲಿ ಬ್ಯಾಂಡ್ ಸಾ, ಅಂದರೆ ಮೇಲೆ ಕೆಳಗಿನ ಗಾಲಿಗಳ ಸುತ್ತ ಬ್ಲೇಡು ಓಡುವ ಗರಗಸ, ಇರುತ್ತದೆ, ಅದರ ಬಗ್ಗೆ ಬೇರೂರಿದ ಕೆಲವು ನಂಬಿಕೆಗಳೂ ಇರುತ್ತವೆ.

ನಂಬಿಕೆ: ಗೆರೆ ಬಿಟ್ಟು ಕೊಯ್ಯುತ್ತಿದೆ ಎಂದರೆ ಮೆಷಿನಿಗೆ ವಯಸ್ಸಾಯಿತು, ಹೊಸದನ್ನೇ ತರಬೇಕು.

ಸತ್ಯ: ಹೆಚ್ಚಾಗಿ ದೋಷ ಇರುವುದು ಬ್ಲೇಡಿನಲ್ಲಿ. ಹಳೆ ಬೋಟಿನ ಹಲಗೆಯಲ್ಲಿ ಉಳಿದ ಮೊಳೆಗೆ ತಾಗಿ ಒಂದು ಬದಿಯ ಹಲ್ಲು ಮೊಂಡಾದರೆ, ಬ್ಲೇಡು ಹರಿತವಿರುವ ಬದಿಗೆ ಎಳೆಯುತ್ತದೆ. ಬ್ಲೇಡು ಸರಿಯಿದ್ದೂ ಕೊಯ್ತ ಕೆಟ್ಟರೆ ಕೆಳಗಿನ ಗಾಲಿ ನೋಡಿ. ಹಸಿ ಹೆಬ್ಬಲಸು ಕೊಯ್ದಾಗ ಮೇಣ ಬೆರೆತ ಪುಡಿ ಗಾಲಿಯ ರಬ್ಬರಿಗೆ ಮೆತ್ತಿ ಗಂಟಾಗುತ್ತದೆ. ಆ ಗಂಟು ಬಂದಾಗಲೆಲ್ಲ ಬ್ಲೇಡು ಅದುರಿ, ಕೊಯ್ದ ಮೈಮೇಲೆ ಒಂದೇ ಅಂತರದ ಗೀರುಗಳು ಬೀಳುತ್ತವೆ. ಇದಕ್ಕೆ ಹೊಸ ಮೆಷಿನ್ ಬೇಡ. ಗಡುಸು ನೈಲಾನ್ ಬ್ರಷ್ಷೊಂದನ್ನು ಮರದ ತುಂಡಿಗೆ ಸ್ಕ್ರೂ ಹೊಡೆದು ಕೆಳಗಿನ ಕವರಿನೊಳಗೆ ಕೂರಿಸಿ. ಜಾಗ ಮುಖ್ಯ: ಕೆಳಗಾಲಿಯ ಅಡಿಭಾಗವನ್ನು ಬ್ಲೇಡು ಸುತ್ತಿರುತ್ತದೆ, ಮೇಲಿನ ಭಾಗ ತೆರೆದಿರುತ್ತದೆ. ಬ್ರಷ್ಷಿನ ಕೂದಲು ಅಲ್ಲಿ ರಬ್ಬರಿಗೆ ಮೆಲ್ಲಗೆ ತಾಗಿದರೆ ಸಾಕು, ಗಾಲಿ ತಿರುಗುತ್ತಲೇ ಶುಚಿಯಾಗುತ್ತದೆ. ಇಷ್ಟು ಅಗ್ಗದ, ಇಷ್ಟು ಉಪಕಾರದ ಸುಧಾರಣೆ ಈ ಮೆಷಿನಿಗೆ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ನಂಬಿಕೆ: ಬ್ಲೇಡನ್ನು ಹಿಡಿದು ನಿಲ್ಲಿಸುವ ಗೈಡು ಕಬ್ಬಿಣದ್ದೇ ಆಗಬೇಕು, ಬ್ಲೇಡಿಗೆ ಒತ್ತಿಕೊಂಡೇ ಇರಬೇಕು.

ಸತ್ಯ: ಒತ್ತಿದರೆ ಬಿಸಿಯಾಗಿ ಬ್ಲೇಡು ಬೇಗ ಹೋಗುತ್ತದೆ. ಸಣ್ಣ ಮೆಷಿನಿಗೆ ಕಿರಾಲುಬೋಗಿಯಂಥ ಗಟ್ಟಿ ಮರದ ಚೂರನ್ನು ಅಳತೆಗೆ ಕೊಯ್ದು, ಎಣ್ಣೆಯಲ್ಲಿ ನೆನೆಸಿ ಹಾಕಬಹುದು. ಬ್ಲೇಡಿಗೂ ಅದಕ್ಕೂ ನಡುವೆ ಒಂದು ಕಾಗದ ಹಿಡಿಸುವಷ್ಟು ಜಾಗ ಬಿಡಿ, ಹಲ್ಲಿಗೆ ಮಾತ್ರ ತಾಗಿಸಬೇಡಿ. ಸವೆದರೆ ತುದಿ ಸಮ ಮಾಡಿ ಮತ್ತೆ ಮುಂದೆ ತಂದರಾಯಿತು.

ಹಲ್ಲು ಜಾಸ್ತಿಯಿದ್ದಷ್ಟು ಕೊಯ್ತ ಚೆಂದ ಎಂಬುದು ತೆಳು ಹಲಗೆಗಷ್ಟೇ ಸರಿ. ದಪ್ಪ ಮರ ಸೀಳುವಾಗ ಹಲ್ಲುಗಳ ನಡುವಿನ ಸಂದು ಪುಡಿಯಿಂದ ತುಂಬಿ ಬ್ಲೇಡು ಓಲುತ್ತದೆ. ಇಂಚಿಗೆ 3 ಹಲ್ಲಿನದು ಅಲ್ಲಿ ಉತ್ತಮ. ಹಾಗೆಯೇ, ಬ್ಲೇಡಿನ ಬಿಗಿ ಹೆಚ್ಚಿಸಿದರೆ ಎಲ್ಲ ಸರಿಯಾಗುತ್ತದೆ ಎಂಬ ಮಾತೂ ತಪ್ಪು. ಅತಿ ಬಿಗಿಯಲ್ಲಿ ಬ್ಲೇಡು ಬಿರುಕು ಬಿಡುತ್ತದೆ, ಅದರಲ್ಲೂ ಬೆಸುಗೆಯ ಜಾಗದಲ್ಲಿ. 1808ರಲ್ಲೇ ಇಂಗ್ಲೆಂಡಿನಲ್ಲಿ ವಿಲಿಯಂ ನ್ಯೂಬೆರಿ ಬ್ಯಾಂಡ್ ಸಾಗೆ ಪೇಟೆಂಟ್ ಪಡೆದರೂ, ಬಾಳಿಕೆಯ ಬೆಸುಗೆ ಸಿಗದೆ ಅದು ದಶಕಗಳ ಕಾಲ ಬಳಕೆಗೆ ಬರಲಿಲ್ಲ. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪಿನ್ ಎಂಬ ಮಹಿಳೆ ಬಾಳಿಕೆಯ ಬೆಸುಗೆಗೆ ದಾರಿ ತೆರೆದರು. ದಿನದ ಕೆಲಸ ಮುಗಿದ ಮೇಲೆ ಬಿಗಿ ಸಡಿಲಿಸಿ. ಬ್ಲೇಡೂ ರಬ್ಬರೂ ಬಾಳುತ್ತವೆ.

ಕೊನೆಯ ನಂಬಿಕೆಯೇ ಅಪಾಯದ್ದು: ಗ್ಲೌಸ್ ಹಾಕಿದರೆ ಕೈಗೆ ರಕ್ಷಣೆ. ಬ್ಲೇಡಿಗೆ ಸಿಕ್ಕ ಗ್ಲೌಸ್ ಕೈಯನ್ನೂ ಒಳಗೆಳೆಯುತ್ತದೆ. ಬರಿಗೈಯಲ್ಲೇ ನಿಲ್ಲಿ, ಬ್ಲೇಡಿನ ಹತ್ತಿರ ಮರವನ್ನು ಕೋಲಿನಿಂದ ತಳ್ಳಿ. ಕವರ್ ತೆರೆಯುವ ಮುನ್ನ ಪ್ಲಗ್ ಕಿತ್ತಿಡಿ.