ಮಡಚುವ ಸೈಕಲ್‌ಗೆ ಮೋಟಾರ್: ಕೊಳ್ಳುವ ಮೊದಲು ಅಳತೆ ಹಿಡಿಯಿರಿ

ನಮ್ಮ ಕಡೆಯ ಕೆಲವು ಮನೆಗಳ ಅಟ್ಟದಲ್ಲೋ ಕಾರ್ ಶೆಡ್ಡಿನ ಮೂಲೆಯಲ್ಲೋ ಒಂದು ಮಡಚುವ ಸೈಕಲ್ ಇರುತ್ತದೆ. ದುಬೈಯಿಂದಲೋ ದಮ್ಮಾಮಿನಿಂದಲೋ ರಜೆಗೆ ಬಂದ ಮಗ ಅಥವಾ ಅಳಿಯ ತಂದದ್ದು. ಅಲ್ಲಿನ ಸಮತಟ್ಟು ರಸ್ತೆಯಲ್ಲಿ ಅದು ಚೆನ್ನಾಗಿಯೇ ಓಡಿತ್ತು. ಇಲ್ಲಿ ತೊಕ್ಕೊಟ್ಟಿನಿಂದ ದೇರಳಕಟ್ಟೆ ಕಡೆಗೆ ಒಂದು ಸಲ ತುಳಿದರೆ ಮೊಣಕಾಲು ಬೇಡ ಅನ್ನುತ್ತದೆ. ಮತ್ತೆ ಸೈಕಲ್ ಅಟ್ಟಕ್ಕೆ.

ಈಗ ಆ ಸೈಕಲ್‌ಗೆ ಹಾಕುವ ಮೋಟಾರ್ ಕಿಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ನಡುವಿನ ಹಬ್‌ನಲ್ಲೇ ಮೋಟಾರ್ ಕೂತಿರುವ ಒಂದು ರೆಡಿ ಚಕ್ರ, ಕಂಟ್ರೋಲರ್, ಬ್ಯಾಟರಿ, ಚಾರ್ಜರ್, ಪೆಡಲ್ ತಿರುಗಿದ್ದನ್ನು ಅರಿಯುವ ಸೆನ್ಸರ್, ಹಿಡಿದ ಕೂಡಲೇ ಮೋಟಾರ್ ನಿಲ್ಲಿಸುವ ಬ್ರೇಕ್ ಲಿವರ್, ಇಷ್ಟು ಸೇರಿದರೆ ಕಿಟ್. ನಮ್ಮ ಜೊತೆಗಾರ ಉಸ್ತಾದ್ ಒಬ್ಬರು ಇದನ್ನು ಹಾಕಿಸಿಕೊಂಡರು. ಐವತ್ತು ದಾಟಿದವರು, ಮೊಣಕಾಲು ನೋವು ಬೇರೆ. ಬೆಳಗ್ಗೆ ಒಂದು ಮದ್ರಸ, ಸಂಜೆ ಇನ್ನೊಂದು, ದಿನಕ್ಕೆ 16 ಕಿಲೋಮೀಟರ್ ಓಡಾಟ. ಪೆಟ್ರೋಲ್ ಲೀಟರಿಗೆ ನೂರು ದಾಟಿದೆ. ಉಸ್ತಾದರ ಸಂಬಳ ಎಷ್ಟು ಅಂತ ಓದುಗರಿಗೆ ಗೊತ್ತೇ ಉಂಟು.

ಸೈಕಲ್ ಅಂಗಡಿಯಲ್ಲಿ ಎರಡು ಸಂಜೆ ನಾನೂ ಕೂತು ನೋಡಿದೆ. ಅಂಗಡಿಯವರು ಮೊದಲು ಕೈಗೆತ್ತಿಕೊಂಡದ್ದು ಸ್ಪ್ಯಾನರ್ ಅಲ್ಲ, ಸ್ಕೇಲ್. "ಉಸ್ತಾದೇ, ಕಿಟ್ ತರಿಸಿ ಆಮೇಲೆ ಅಳೆಯುವವರೇ ಜಾಸ್ತಿ" ಅಂದರು. ಸಾಮಾನ್ಯ ಸೈಕಲ್‌ನ ಮುಂದಿನ ಫೋರ್ಕಿನ ಎರಡು ಕಾಲುಗಳ ಒಳ ಅಂತರ 100 ಮಿಲಿಮೀಟರ್. ಆದರೆ ಬ್ರಾಂಪ್ಟನ್, ಡಾಹೋನ್‌ನಂಥ ಹಲವು ಮಡಚುವ ಸೈಕಲ್‌ಗಳಲ್ಲಿ ಅದು 74 ಮಾತ್ರ. 100ರ ಮೋಟಾರನ್ನು 74ರ ಫೋರ್ಕಿಗೆ ಬಗ್ಗಿಸಿ ತುರುಕುವುದು ಪ್ರಾಣಕ್ಕೆ ಕುತ್ತು. ಫೋರ್ಕ್ ಅಲ್ಯೂಮಿನಿಯಂ ಆಗಿದ್ದರೆ ಬಗ್ಗುವುದಿಲ್ಲ, ಬಿರಿಯುತ್ತದೆ. ಆದ್ದರಿಂದ ಮೊದಲು ಫೋರ್ಕಿಗೆ ಒಂದು ಅಯಸ್ಕಾಂತ ತಾಗಿಸಿ ನೋಡಿ. ಅಂಟಿದರೆ ಸ್ಟೀಲ್, ಧೈರ್ಯದಿಂದ ಮುಂದುವರಿಯಬಹುದು. ಅಂಟದಿದ್ದರೆ ಹಿಂದಿನ ಚಕ್ರಕ್ಕೆ ಹಾಕುವ ಮೋಟಾರ್ ನೋಡುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮೋಟಾರ್ ಚಕ್ರವನ್ನು ಮುಂದಕ್ಕೆ ತಿರುಗಿಸುವಾಗ ಅದರ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಬರೀ ನಟ್ಟು ಅದನ್ನು ಹಿಡಿದು ನಿಲ್ಲಿಸುವುದಿಲ್ಲ. ಆಕ್ಸಲ್ ಸುತ್ತಿದರೆ ಒಳಗಿನ ವಯರ್ ತುಂಡಾಗಬಹುದು, ಓಡುತ್ತಿರುವಾಗಲೇ ಚಕ್ರ ಕಳಚಿ ಬೀಳಬಹುದು. ಅದಕ್ಕೆ ಟಾರ್ಕ್ ಆರ್ಮ್ ಅನ್ನುವ ಕಬ್ಬಿಣದ ಪಟ್ಟಿ ಬರುತ್ತದೆ, ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಫೋರ್ಕಿಗೆ. ಕಿಟ್‌ನಲ್ಲಿ ಇಲ್ಲದಿದ್ದರೆ ಬೇರೆ ತರಿಸಿಯಾದರೂ ಹಾಕಿ.

ಚಕ್ರದ ಸೈಜಿನ ಲೆಕ್ಕವೂ ಉಂಟು. 26 ಇಂಚಿನ ಚಕ್ರದಲ್ಲಿ ಗಂಟೆಗೆ 25 ಕಿಲೋಮೀಟರ್ ಹೋಗಲು ಮಾಡಿದ ಮೋಟಾರನ್ನು 20 ಇಂಚಿನ ಸಣ್ಣ ಚಕ್ರಕ್ಕೆ ಕಟ್ಟಿದರೆ ವೇಗ 19ರ ಹತ್ತಿರವೇ ನಿಲ್ಲುತ್ತದೆ. "ಮೋಸ ಆಯ್ತು" ಅಂತ ಹುಡುಗರು ಹೇಳಬಹುದು. ಆದರೆ ಅದೇ ಮೋಟಾರ್ ಸಣ್ಣ ಚಕ್ರದಲ್ಲಿ ಏರು ಹತ್ತುವಾಗ ಹೆಚ್ಚು ಬಲವಾಗಿ ತಳ್ಳುತ್ತದೆ. ನಮ್ಮ ಊರಿನ ಏರುಗಳಿಗೆ ಇದೇ ಬೇಕಾದದ್ದು.

ಇನ್ನು ಬ್ಯಾಟರಿ. ಉಸ್ತಾದರದ್ದು 36 ವೋಲ್ಟ್, 7.5 ಆಂಪಿಯರ್ ಅವರ್. ಎರಡನ್ನೂ ಗುಣಿಸಿದರೆ 270 ವ್ಯಾಟ್ ಅವರ್. ತುಳಿಯುತ್ತಾ ಹೋದರೆ ಕಿಲೋಮೀಟರಿಗೆ ಸುಮಾರು 10 ಖರ್ಚು, ಬರೀ ಥ್ರಾಟಲ್‌ನಲ್ಲಿ ಹೋದರೆ 15 ಆಗುತ್ತದೆ. ಪೂರ್ತಿ ಚಾರ್ಜ್‌ಗೆ ಹೆಚ್ಚೆಂದರೆ ಮೂರನೇ ಒಂದು ಯೂನಿಟ್ ಕರೆಂಟ್. ಕಿಟ್, ಬ್ಯಾಟರಿ, ಕೂಲಿ ಎಲ್ಲ ಸೇರಿ ಅವರಿಗೆ 18,000 ರೂಪಾಯಿ ಬಿತ್ತು. ಸ್ಕೂಟರಿನ ಪೆಟ್ರೋಲ್‌ಗೆ ಹೋಲಿಸಿದರೆ ಎರಡು ವರ್ಷದ ಒಳಗೆ ಹಣ ತಿರುಗಿ ಬರುತ್ತದೆ ಅಂತ ಅವರ ಲೆಕ್ಕ.

ಈ 270 ಅನ್ನುವ ಸಂಖ್ಯೆಯನ್ನು ಗಲ್ಫಿನಲ್ಲಿರುವವರು ನೆನಪಿಡಬೇಕು. ವಿಮಾನದಲ್ಲಿ ಪ್ರಯಾಣಿಕರು 100 ವ್ಯಾಟ್ ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿ ತರಬೇಕಾದರೆ ಕಂಪೆನಿಯ ಅನುಮತಿ ಬೇಕು. 160 ದಾಟಿದರೆ ಕೈಚೀಲದಲ್ಲೂ ಇಲ್ಲ, ಲಗೇಜಿನಲ್ಲೂ ಇಲ್ಲ. "ಅಳಿಯಾ, ಬಟ್ಟೆಯ ನಡುವೆ ಸುತ್ತಿ ಇಟ್ಟುಬಿಡು" ಅಂತ ಫೋನಿನಲ್ಲಿ ಹೇಳುವವರು ಇದ್ದಾರೆ. ಹಾಗೆ ಹೇಳಬೇಡಿ. ಅದು ಬರೀ ಸಾಮಾನು ಹೋಗುವ ಮಾತಲ್ಲ, ಆಕಾಶದಲ್ಲಿ ಬೆಂಕಿ ಹಿಡಿದರೆ ನೂರಾರು ಜೀವಗಳ ಮಾತು. ಮೋಟಾರ್ ಚಕ್ರ ಮಾತ್ರ ಅಲ್ಲಿಂದ ಬರಲಿ, ಬ್ಯಾಟರಿ ಇಲ್ಲೇ ಕೊಳ್ಳಿ.

ಇಲ್ಲೇ ಅಂದರೆ ಗುಜರಿಯಿಂದ ಅಲ್ಲ. ಗುಜರಿ ವ್ಯಾಪಾರ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಹಳೆಯ ಲ್ಯಾಪ್‌ಟಾಪ್ ಸೆಲ್ ಜೋಡಿಸಿ ಅಗ್ಗಕ್ಕೆ ಪ್ಯಾಕ್ ಮಾಡಿಕೊಡುವವರೂ ಸಿಗುತ್ತಾರೆ. ವಯಸ್ಸಾದ ಸೆಲ್‌ಗಳು ಒಂದೊಂದು ಒಂದೊಂದು ಮಟ್ಟದಲ್ಲಿರುತ್ತವೆ. ಒಂದು ಸೆಲ್ ಬಿಸಿಯಾಗಿ ಹೊತ್ತಿದರೆ ಪಕ್ಕದ್ದೂ ಹೊತ್ತುತ್ತದೆ. 36 ವೋಲ್ಟಿನ ಬ್ಯಾಟರಿಗೆ 42 ವೋಲ್ಟಿನ ಚಾರ್ಜರ್ ಮಾತ್ರ. ಪಿನ್ ಕೂರುತ್ತದೆ ಅಂತ 48 ವೋಲ್ಟಿನ ಬ್ಯಾಟರಿಯ ಚಾರ್ಜರ್ ಚುಚ್ಚಬಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊರಬಾಗಿಲ ಪಕ್ಕ ಚಾರ್ಜಿಗಿಡುವ ಅಭ್ಯಾಸವೂ ಬೇಡ. ಬೆಂಕಿ ಬಿದ್ದರೆ ಮಕ್ಕಳು ಹೊರಬರಬೇಕಾದ ದಾರಿ ಅದೇ.

ಕಾನೂನಿನ ಮಾತು. 250 ವ್ಯಾಟ್‌ಗಿಂತ ಕಡಿಮೆ ಶಕ್ತಿ, 25 ಕಿಲೋಮೀಟರ್‌ಗಿಂತ ಕಡಿಮೆ ವೇಗ, ಬ್ಯಾಟರಿ ಬಿಟ್ಟು 60 ಕೆ.ಜಿ. ಮೀರದ ತೂಕ, ಜೊತೆಗೆ ಸರಕಾರ ಮಾನ್ಯ ಮಾಡಿದ ಪರೀಕ್ಷಾ ಸಂಸ್ಥೆಯ ಒಪ್ಪಿಗೆ, ಇಷ್ಟಿದ್ದರೆ ಅದು ಮೋಟಾರು ವಾಹನ ಅಲ್ಲ. ನಾವೇ ಕಿಟ್ ಹಾಕಿದ ಸೈಕಲ್‌ಗೆ ಆ ಒಪ್ಪಿಗೆಯ ಕಾಗದ ಇರುವುದಿಲ್ಲ. ಆದ್ದರಿಂದ ಮಿತಿಯೊಳಗೆ ಇರುವುದರಲ್ಲಿ ಇನ್ನಷ್ಟು ಜಾಗ್ರತೆ ಬೇಕು. 1000 ವ್ಯಾಟ್ ಕಿಟ್ ಬೇಕು ಅಂತ ಹತ್ತನೇ ಕ್ಲಾಸಿನ ಮಗ ಹಠ ಹಿಡಿದರೆ ಬಾಪ್ಪ ಒಂದು ಪ್ರಶ್ನೆ ಕೇಳಲಿ: ಯಾರಿಗಾದರೂ ತಾಗಿದರೆ ಲೈಸನ್ಸ್ ಎಲ್ಲಿ, ಇನ್ಶೂರೆನ್ಸ್ ಎಲ್ಲಿ? ಮಡಚುವ ಸೈಕಲ್‌ನ ಬ್ರೇಕ್ ಆ ವೇಗಕ್ಕೆ ಮಾಡಿದ್ದೂ ಅಲ್ಲ.

ಮಳೆಗಾಲಕ್ಕೆ ಒಂದು ಸಣ್ಣ ಉಪಾಯವನ್ನು ಅಂಗಡಿಯವರು ತೋರಿಸಿದರು. ಮೋಟಾರಿನ ವಯರ್ ನೇರ ಮೇಲಕ್ಕೆ ಹೋಗದೆ ಒಮ್ಮೆ ಕೆಳಗೆ ಬಾಗಿ ಮತ್ತೆ ಮೇಲೇರಬೇಕು. ಆಗ ಇಳಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಮೋಟಾರಿನ ಒಳಗೆ ಹೋಗುವುದಿಲ್ಲ. ಮಡಚುವ ಕೀಲಿನ ಹತ್ತಿರ ವಯರ್ ಸಡಿಲ ಬಿಟ್ಟು, ಹತ್ತು ಸಲ ಮಡಚಿ ಬಿಡಿಸಿ, ಎಲ್ಲೂ ಚಿವುಟುವುದಿಲ್ಲ ಅಂತ ಖಾತ್ರಿ ಆದ ಮೇಲೆಯೇ ಟೈ ಬಿಗಿದರು.

ಒಂದು ನಷ್ಟ ಉಂಟು. 13 ಕೆ.ಜಿ. ಇದ್ದ ಸೈಕಲ್ ಈಗ 19 ಕೆ.ಜಿ. ಆಗಿದೆ. ಮಡಚಿ ಬಸ್ಸಿಗೆ ಹತ್ತಿಸುವ ಆಸೆ ಇದ್ದರೆ ಬಿಟ್ಟುಬಿಡಿ. ಮದ್ರಸದ ಮೆಟ್ಟಿಲ ಕೆಳಗೆ ಮಳೆ ತಾಗದ ಹಾಗೆ ಇಡಲಿಕ್ಕೆ ಮಡಚುವುದು ಈಗಲೂ ಉಪಯೋಗ. ಬ್ಯಾಟರಿಯನ್ನು ಉಸ್ತಾದ್ ಕಳಚಿ ಚೀಲದಲ್ಲಿ ಒಳಗೆ ಒಯ್ಯುತ್ತಾರೆ. ಹಾಕಿಸಿದ ಮೇಲೆ ಮೊದಲ 50 ಕಿಲೋಮೀಟರ್ ಆದಾಗ ಆಕ್ಸಲ್ ನಟ್ಟು, ಟಾರ್ಕ್ ಆರ್ಮ್, ಚಕ್ರದ ಕಡ್ಡಿ ಮೂರನ್ನೂ ಮತ್ತೊಮ್ಮೆ ಬಿಗಿ ಮಾಡಿಸಬೇಕು. ಅವರು ಹೋದಾಗ ಎರಡು ಕಡ್ಡಿ ಸಡಿಲ ಆಗಿತ್ತು.