ಚೆಲ್ಲಿದ ಹಾಲು ಎಲ್ಲಿಗೆ ಹೋಗುತ್ತದೆ?



ಬ್ರಾಂಪ್ಟನ್, ಮಿಸ್ಸಿಸಾಗಾ, ಟೊರಾಂಟೊಗಳ ಆಹಾರ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವವರು ಈ ಸಭೆಯಲ್ಲಿದ್ದೀರಿ. ಅಂಥ ಕಾರ್ಖಾನೆಗಳನ್ನು ವಿನ್ಯಾಸ ಮಾಡುವ ಎಂಜಿನಿಯರುಗಳೂ ಇದ್ದೀರಿ. ತ್ಯಾಜ್ಯನೀರಿನ ಶುದ್ಧೀಕರಣ ನನ್ನ ವೃತ್ತಿ. ಡೇರಿಯ ಪೈಪು, ಟ್ಯಾಂಕು, ನೆಲ ತೊಳೆದ ನೀರಿನ ಬಗ್ಗೆ ಇಂದು ಮಾತನಾಡುತ್ತೇನೆ.

ಹಾಲು ವಿಷವಲ್ಲ, ಆಹಾರ. ತೊಂದರೆ ಇರುವುದೂ ಅಲ್ಲಿಯೇ. ನೀರು ಸೇರಿದ ಹಾಲಿನ ಸಕ್ಕರೆ, ಕೊಬ್ಬು, ಪ್ರೋಟೀನುಗಳನ್ನು ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ತಿನ್ನುತ್ತಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಹೀಗೆ ಬೇಕಾಗುವ ಆಮ್ಲಜನಕದ ಅಳತೆಯೇ ಬಿಒಡಿ. ಒಂದು ಲೀಟರ್ ಗಟ್ಟಿ ಹಾಲಿನ ಬಿಒಡಿ ಸುಮಾರು 100 ಗ್ರಾಂ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಶುದ್ಧ ನೀರು ಹಿಡಿದಿಟ್ಟುಕೊಳ್ಳುವ ಆಮ್ಲಜನಕ ಸುಮಾರು 9 ಮಿಲಿಗ್ರಾಂ. ಲೆಕ್ಕ ಹಾಕಿದರೆ, ಒಂದು ಲೀಟರ್ ಹಾಲು ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರಿನ ಉಸಿರು ಕಟ್ಟಿಸಬಲ್ಲದು.

ಅದಕ್ಕೇ ಟೊರಾಂಟೊ ನಗರದ ನಿಯಮದಂತೆ ಒಳಚರಂಡಿಗೆ ಬಿಡುವ ನೀರಿನ ಬಿಒಡಿ ಲೀಟರಿಗೆ 300 ಮಿಲಿಗ್ರಾಂ ಮೀರಬಾರದು. ಡೇರಿಯ ತ್ಯಾಜ್ಯನೀರಿನಲ್ಲಿ ಅದು ಸಾಮಾನ್ಯವಾಗಿ ಸಾವಿರ ದಾಟಿರುತ್ತದೆ. ಕಾರ್ಖಾನೆ ನಗರದೊಂದಿಗೆ ಒಪ್ಪಂದ ಮಾಡಿಕೊಂಡು ಹೆಚ್ಚುವರಿ ಶುಲ್ಕ ಕಟ್ಟಬೇಕು, ಇಲ್ಲವೇ ತನ್ನ ಆವರಣದಲ್ಲೇ ನೀರನ್ನು ಶುದ್ಧೀಕರಿಸಬೇಕು. ನಗರದ ಶುದ್ಧೀಕರಣ ಘಟಕಗಳಿಂದ ಹೊರಟ ನೀರು ಸೇರುವುದು ಒಂಟಾರಿಯೊ ಸರೋವರವನ್ನು. ನಮ್ಮ ನಲ್ಲಿಗೆ ನೀರು ಬರುವುದೂ ಅದೇ ಸರೋವರದಿಂದ.

ಹಳೆಯ ವಿಧಾನದಲ್ಲಿ ಬ್ಯಾಕ್ಟೀರಿಯಾಗಳು ಟ್ಯಾಂಕಿನ ನೀರಿನಲ್ಲಿ ತೇಲುತ್ತಿರುತ್ತವೆ. ಕೊನೆಯಲ್ಲಿ ಕೆಳಗಿಳಿದ ಕೆಸರಿನ ಒಂದು ಭಾಗವನ್ನು ಮತ್ತೆ ಟ್ಯಾಂಕಿಗೆ ಹಾಕುತ್ತೇವೆ, ನಾಳೆಯ ಮೊಸರಿಗೆ ಇಂದಿನ ಹೆಪ್ಪು ಉಳಿಸಿದಂತೆ. ಆದರೆ ಡೇರಿಯ ನೀರು ಒಂದೇ ಹದದಲ್ಲಿ ಬರುವುದಿಲ್ಲ. ಒಂದು ಗಂಟೆ ಹಾಲು, ಮರು ಗಂಟೆ ಪೈಪು ತೊಳೆದ ಕಾಸ್ಟಿಕ್ ಸೋಡಾ, ಆಮೇಲೆ ಆಮ್ಲ. ಇಂಥ ಏರುಪೇರಿನಲ್ಲಿ ಕೆಸರು ಸರಿಯಾಗಿ ಕೆಳಗಿಳಿಯದೆ ನೀರಿನೊಂದಿಗೆ ಹೊರಹೋದರೆ ಹೆಪ್ಪೇ ಹೋದಂತೆ.

ಬಯೋಫಿಲ್ಮ್ ಇದಕ್ಕೊಂದು ಉತ್ತರ. ಹೊಳೆಯ ಕಲ್ಲು ಕಾಲಿಗೆ ಜಾರುತ್ತದಲ್ಲ, ಆ ಲೋಳೆಯೇ ಬಯೋಫಿಲ್ಮ್. ನೀರು ಹರಿಯುತ್ತಿದ್ದರೂ ಅದು ಕಲ್ಲಿಗೆ ಅಂಟಿಕೊಂಡಿರುತ್ತದೆ. 1980ರ ದಶಕದ ಕೊನೆಯಲ್ಲಿ ನಾರ್ವೆಯಲ್ಲಿ ರೂಪುಗೊಂಡ ಎಂಬಿಬಿಆರ್ ವಿಧಾನದಲ್ಲಿ ಆ ಕಲ್ಲಿನ ಕೆಲಸವನ್ನು ಪ್ಲಾಸ್ಟಿಕ್ ಬಿಲ್ಲೆಗಳು ಮಾಡುತ್ತವೆ. ಇವು ಗಾಲಿಯಾಕಾರದ, ಒಳಗೆ ಅಡ್ಡಗೋಡೆಗಳಿರುವ ಸಣ್ಣ ಚೂರುಗಳು. ಕೆಳಗಿನಿಂದ ಗಾಳಿ ಊದಿದಾಗ ಟ್ಯಾಂಕಿನ ತುಂಬ ಸುತ್ತಾಡುತ್ತವೆ. ಹೊರಹೋಗದಂತೆ ಜರಡಿ ತಡೆಯುತ್ತದೆ. ಒಂದು ಘನ ಮೀಟರ್ ಬಿಲ್ಲೆಗಳೊಳಗೆ ಸುಮಾರು 500 ಚದರ ಮೀಟರ್ ಮೇಲ್ಮೈ ಸಿಗುತ್ತದೆ. ಹಾಗಾಗಿ ಸಣ್ಣ ಜಾಗದಲ್ಲೇ ಬಹಳ ಬ್ಯಾಕ್ಟೀರಿಯಾಗಳಿಗೆ ನೆಲೆ. ನಿಧಾನವಾಗಿ ಬೆಳೆಯುವ, ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳೂ ಇಲ್ಲಿ ಉಳಿದುಕೊಳ್ಳುತ್ತವೆ.

ಇದು ಮಾಯಾದಂಡವಲ್ಲ. ಮೊದಲು ಸಮತೋಲನ ಟ್ಯಾಂಕಿನಲ್ಲಿ ಹುಳಿ, ಕ್ಷಾರಗಳನ್ನು ಹದಕ್ಕೆ ತರಬೇಕು. ಆಮೇಲೆ ಸಣ್ಣ ಗಾಳಿಗುಳ್ಳೆಗಳಿಂದ ಕೊಬ್ಬನ್ನು ತೇಲಿಸಿ ತೆಗೆಯಬೇಕು. ಇಲ್ಲದಿದ್ದರೆ ಜಿಡ್ಡು ಲೋಳೆಯನ್ನು ಮುಚ್ಚಿ ಆಮ್ಲಜನಕ ಒಳಹೋಗದಂತೆ ಮಾಡುತ್ತದೆ. ರಂಜಕವನ್ನು ತೆಗೆಯಲು ಸಾಮಾನ್ಯವಾಗಿ ಆಲಂ ಅಥವಾ ಕಬ್ಬಿಣದ ಲವಣ ಬೇಕು. ಬಿಲ್ಲೆಗಳಿಂದ ಕಳಚಿದ ಲೋಳೆಯನ್ನು ಬೇರ್ಪಡಿಸಿ ವಿಲೇವಾರಿ ಮಾಡಬೇಕು. ಗಾಳಿ ಊದಲು ಹಗಲೂ ರಾತ್ರಿ ವಿದ್ಯುತ್ ಬೇಕು. ಇಲ್ಲಿನ ಚಳಿಗಾಲದಲ್ಲಿ ನೀರು ತಣ್ಣಗಾದರೆ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನವಾಗುತ್ತದೆ. ಪನೀರು, ಚೀಸ್ ಮಾಡಿದ ಮೇಲೆ ಉಳಿಯುವ ಹಾಲೊಡಕು ಇನ್ನೂ ಪ್ರಬಲ. ಅದನ್ನು ಬೇರೆಯಾಗಿ ಹಿಡಿದು ಪ್ರೋಟೀನ್ ಪುಡಿ ಮಾಡುವುದು, ಇಲ್ಲವೇ ಗಾಳಿಯಿಲ್ಲದ ಟ್ಯಾಂಕಿನಲ್ಲಿ ಕೊಳೆಸಿ ಜೈವಿಕ ಅನಿಲ ಪಡೆಯುವುದು ಲಾಭದ ದಾರಿ.

ಎಂಜಿನಿಯರ್ ಮಿತ್ರರಲ್ಲಿ ನನ್ನ ಮನವಿ: ಟ್ಯಾಂಕಿನ ಗಾತ್ರವನ್ನು ಸರಾಸರಿ ದಿನಕ್ಕಲ್ಲ, ಅತಿ ಕೆಟ್ಟ ದಿನಕ್ಕೆ ಲೆಕ್ಕ ಹಾಕಿ. ಪಾಳಿಯಲ್ಲಿರುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಪೈಪಿನಲ್ಲಿ ಉಳಿದ ಹಾಲನ್ನು ಮೊದಲು ಬಕೆಟ್ಟಿಗೆ ಇಳಿಸಿಕೊಳ್ಳಿ, ಆಮೇಲೆ ನೀರು ಬಿಡಿ. ಕೆಟ್ಟ ಹಾಲಿನ ಟ್ಯಾಂಕನ್ನು ಖಾಲಿ ಮಾಡುವ ಮುನ್ನ ಶುದ್ಧೀಕರಣ ಘಟಕದವರಿಗೆ ಒಂದು ಮಾತು ತಿಳಿಸಿ. ಎಷ್ಟು ದುಬಾರಿ ಯಂತ್ರ ತಂದರೂ ನೆಲದ ಮೋರಿಗೆ ಏನು ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲೇ ಇದೆ. ಹಾಲು ಚೆಲ್ಲಬಾರದೆಂದು ನಮ್ಮ ಮನೆಗಳಲ್ಲಿ ಹಿರಿಯರು ಕಲಿಸಿದ್ದಾರೆ. ಇಲ್ಲಿ ಆ ಪಾಠ ಸರೋವರವನ್ನೂ ಕಾಯುತ್ತದೆ.